ಹದಿನೇಳನೇ ತಿರುವಿನ ಕನ್ನಡಿ

ಸಮುದ್ರದ ಅಂಚಿನಿಂದ ಬೆಟ್ಟದ ನೆತ್ತಿಗೆ ಹತ್ತುವ ಆ ರಸ್ತೆಗೆ ಇಪ್ಪತ್ತಾರು ತಿರುವು. ತಿರುವಿಗೊಂದು ಉಬ್ಬುಗನ್ನಡಿ. ಎದುರಿನಿಂದ ಬರುವ ಗಾಡಿ ಅದರಲ್ಲಿ ಮೊದಲೇ ಕಾಣಬೇಕು. ಆದರೆ ಚಳಿಗಾಲದಲ್ಲಿ ಕೆಳಗಿನ ಉಪ್ಪುಗಾಳಿ, ಮೇಲಿನ ಮಂಜು ಎರಡೂ ಸೇರಿ ಕನ್ನಡಿಗೆ ಬಿಳಿ ಪೊರೆ ಕಟ್ಟುತ್ತವೆ. ಆ ಪೊರೆ ಒರೆಸುವುದು ಅವಳ ಕೆಲಸ. ಉದ್ದನೆಯ ಕೋಲು, ಅದರ ತುದಿಗೆ ಸುತ್ತಿದ ಒದ್ದೆ ಬಟ್ಟೆ, ಒಂದು ಬಕೆಟ್ಟು. ಹನ್ನೊಂದು ವರ್ಷದಿಂದ ಇಷ್ಟೇ ಸರಂಜಾಮು. ಆ ದಾರಿಯವರಿಗೆಲ್ಲ ಅವಳು ಕನ್ನಡಿಯಕ್ಕ. ಬಸ್ಸಿನವರು, ಲಾರಿಯವರು ಅವಳನ್ನು ಕಂಡರೆ ಎರಡು ಸಲ ಚುಟುಕಾಗಿ ಹಾರನ್ ಒತ್ತುತ್ತಾರೆ. ಅವಳು ಕೋಲೆತ್ತಿ ಆಡಿಸುತ್ತಾಳೆ.

ಇಷ್ಟು ವರ್ಷ ಅವಳ ಸವಾರಿ ಗಂಡನ ತಂಗಿಯ ಬ್ರೆಡ್ ವ್ಯಾನಿನಲ್ಲಿ. ಬೆನ್ನ ಹಿಂದೆ ಬಿಸಿ ಬ್ರೆಡ್ಡಿನ ವಾಸನೆ, ಕಾಲಡಿ ತಣ್ಣನೆಯ ನೀರು. ಈ ತಿಂಗಳ ಕೊನೆಗೆ ಬೇಕರಿ ಬೇರೆ ಊರಿಗೆ ಹೋಗುವುದಿತ್ತು, ಜೊತೆಗೆ ನಾದಿನಿಯೂ. "ಹಳೇ ಜೀಪು ಕೊಡ್ತೀವಮ್ಮ, ಲೈಸೆನ್ಸ್ ತನ್ನಿ. ಇಲ್ದಿದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ" ಎಂದು ರಸ್ತೆ ಇಲಾಖೆಯ ಸಾಹೇಬರು ಹೇಳಿಬಿಟ್ಟಿದ್ದರು.

ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಡುಮ್ಕಿ. ಮೊದಲ ಸಲ ಏರಿನಲ್ಲಿ ಜೀಪು ಹಿಂದಕ್ಕೆ ಜಾರಿತ್ತು. ಎರಡನೇ ಸಲ ಎಡಕ್ಕೆ ತಿರುಗುವ ದೀಪ ಹಾಕಲು ಹೋಗಿ ವೈಪರ್ ಓಡಿಸಿದ್ದಳು.

"ನಿಮ್ಮ ಕೈ ತಾನೇ ಅತ್ತಿಗೆ, ಒರೆಸೋದು ಬಿಟ್ಟು ಇನ್ನೇನು ಮಾಡೀತು!" ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆಮೇಲೆ ಅಡಿಗೆಮನೆಯಲ್ಲೇ ಅಭ್ಯಾಸ ಶುರುವಾಯಿತು. ನೆಲದ ಮೇಲೆ ಮೂರು ಪಾತ್ರೆಯ ಮುಚ್ಚಳ, ಕ್ಲಚ್ಚು ಒಂದು, ಬ್ರೇಕು ಒಂದು, ಆಕ್ಸಿಲರೇಟರು ಒಂದು. ಸ್ಟೂಲಿನ ಮೇಲೆ ಕೂತು ತುಳಿಯುತ್ತಿದ್ದವಳನ್ನು ಗಂಡ ಬಾಗಿಲಲ್ಲಿ ನಿಂತು ಕೇಳಿದ್ದ, "ಎಲ್ಲಿವರೆಗೆ ಹೋದೆ?"

"ಹತ್ತನೇ ತಿರುವು."

"ಅಲ್ಲೇ ನಿಲ್ಸು ಮಾರಾಯ್ತಿ. ಇಲ್ಲಿ ಹಾಲು ಉಕ್ತಾ ಇದೆ."

ಈ ಬೆಳಿಗ್ಗೆ ಮೂರನೇ ಸಲ. ಇದೂ ಹೋದರೆ ಮತ್ತೆ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಕೋಲು ಬೇರೆಯವರ ಕೈ ಸೇರಿರುತ್ತದೆ. ಪಕ್ಕದಲ್ಲಿ ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡ ಪರೀಕ್ಷಕರು. ಹಿಂದಿನ ಸೀಟಿನಲ್ಲಿ, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ, ನಾದಿನಿ.

ಹದಿನಾರು ತಿರುವು ನೀರು ಕುಡಿದ ಹಾಗೆ ಮುಗಿದವು. ಕೆಳಗೆ ಸಮುದ್ರ ಮಂಜಿನೊಳಗಿಂದ ಅಷ್ಟಷ್ಟೇ ಹೊರಬರುತ್ತಿತ್ತು, ಎದ್ದೇಳಲು ಮನಸ್ಸಿಲ್ಲದವರು ಹೊದಿಕೆ ಸರಿಸಿದಂತೆ. ಹದಿನೇಳನೆಯ ಕನ್ನಡಿ ಮಾತ್ರ ಸಮುದ್ರಕ್ಕೆ ನೇರ ಮುಖ ಕೊಟ್ಟು ನಿಂತದ್ದು. ಮಿಕ್ಕವು ಎರಡು ದಿನ ತಾಳಿದರೆ ಇದು ಒಂದು ರಾತ್ರಿಯೂ ತಾಳದು. ಪರೀಕ್ಷೆಗೆಂದು ಅವಳು ರಜೆ ಹಾಕಿದ್ದಳಲ್ಲ, ಅದು ಬೆಳ್ಳಗೆ ಪೊರೆ ಕಟ್ಟಿಕೊಂಡಿತ್ತು.

ಅವಳು ಜೀಪನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಟ್ಟಳು.

"ಯಾಕೆ ನಿಲ್ಸಿದ್ರಿ?"

"ಕನ್ನಡಿ ಕಾಣ್ತಿಲ್ಲ ಸಾರ್."

"ಪರೀಕ್ಷೆ ನಡೀತಾ ಇದೆ ಕಣಮ್ಮಾ!"

"ನನಗೆ ಗೊತ್ತು ಸಾರ್, ಕನ್ನಡಿಗೆ ಗೊತ್ತಿಲ್ವಲ್ಲ."

ಅಭ್ಯಾಸಬಲದಿಂದ ತಂದಿದ್ದ ಕೋಲು ಎಳೆದುಕೊಂಡು ಇಳಿದೇ ಬಿಟ್ಟಳು. ನಾದಿನಿ ಹಣೆ ಚಚ್ಚಿಕೊಂಡಳು. ಬಟ್ಟೆ ಒಂದು ಸುತ್ತು ಬಂದಾಗ ಕನ್ನಡಿಯಲ್ಲಿ ಆಕಾಶ ಕಂಡಿತು, ಎರಡನೇ ಸುತ್ತಿಗೆ ಒಂದು ಗೀಟು ಸಮುದ್ರ, ಮೂರನೆಯದಕ್ಕೆ ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡು ಇಳಿಯುತ್ತಿದ್ದ ಬಸ್ಸಿನ ಮೂತಿ. ಬಸ್ಸು ಜೀಪನ್ನು ಮುಟ್ಟಿಯೂ ಮುಟ್ಟದಂತೆ ದಾಟಿ, ಎರಡು ಸಲ ಹಾರನ್ ಒತ್ತಿ ಹೋಯಿತು.

ಪರೀಕ್ಷಕರು ಕೈಬ್ರೇಕು ನೋಡಿದರು, ಎಳೆದಿತ್ತು. ಇಳಿದು ಹಿಂದೆ ಹೋದರು. ಚಕ್ರದಡಿ ತೆಂಗಿನಕಾಯಿ ಗಾತ್ರದ ಕಲ್ಲು.

"ಇದೆಲ್ಲಿತ್ತು?"

"ಸೀಟಿನ ಕೆಳಗೆ ಸಾರ್. ಆವತ್ತು ಗಾಡಿ ಜಾರಿತ್ತಲ್ಲ, ಆವತ್ತಿಂದ ಜೊತೇಲೇ ಇದೆ."

ಅವರು ಕಲ್ಲನ್ನು ಎತ್ತಿ ತಂದು ತೊಡೆಯ ಮೇಲಿಟ್ಟುಕೊಂಡು ಕೂತರು. "ಸರಿ. ಈಗ ಕಲ್ಲಿಲ್ಲದೆ ಹೊರಡಿ, ನೋಡೋಣ."

ಅವಳ ಕಣ್ಣ ಮುಂದೆ ಅಡಿಗೆಮನೆಯ ಮೂರು ಮುಚ್ಚಳ ಬಂದವು. ಒಂದರಿಂದ ಕಾಲು ಮೆಲ್ಲಗೆ ಎತ್ತಿದಳು, ಇನ್ನೊಂದನ್ನು ಮೆಲ್ಲಗೆ ತುಳಿದಳು. ಜೀಪು ಮೈ ನಡುಗಿಸಿ, ಒಂದಂಗುಲವೂ ಹಿಂದೆ ಸರಿಯದೆ, ಏರು ಹತ್ತಿತು. ಒರೆಸಿದ ಕನ್ನಡಿಯಲ್ಲಿ ಪುಟ್ಟ ಜೀಪೊಂದು ಹೊಟ್ಟೆ ಉಬ್ಬಿಸಿಕೊಂಡು ಹಾದುಹೋಯಿತು.

"ಮೇಲೆ ಇನ್ನೂ ಒಂಬತ್ತಿವೆ. ಅವನ್ನೂ ಒರೆಸ್ತೀರೋ?" ಎಂದರು ಪರೀಕ್ಷಕರು.

"ಫೇಲಾದ್ರೆ ಇವತ್ತೇ ಒರೆಸ್ತೀನಿ ಸಾರ್, ನಾಳೆ ಯಾರ ಕೈಲಿರುತ್ತೋ ಕೋಲು. ಪಾಸಾದ್ರೆ ಆತುರ ಇಲ್ಲ, ನಾಳೆ ನಾನೇ ಬರ್ತೀನಲ್ಲ."

ಅವರು ಮಫ್ಲರನ್ನು ಗಲ್ಲದ ಕೆಳಗೆ ಸರಿಸಿದರು. ಒಳಗೊಂದು ನಗು ಇತ್ತು.

"ಹಾಗಾದ್ರೆ ನಾಳೇನೇ ಒರೆಸಿ."

ಹಿಂದಿನ ಸೀಟಿನ ಷರತ್ತು ಅಲ್ಲಿಗೆ ಮುರಿದುಬಿತ್ತು.