ಒಬ್ಬರ ಗೋಧಿ

ಅಹಮದಾಬಾದಿನ ಮಣಿನಗರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಯಾರ ಮನೆಗೆ ಹೊಸ ಫ್ರಿಜ್ ಬರುತ್ತದೆ, ಯಾರ ಮಗನ ನಿಶ್ಚಿತಾರ್ಥ ಮುರಿಯುತ್ತದೆ ಎನ್ನುವುದು ಆಯಾ ಮನೆಯವರಿಗಿಂತ ಮೊದಲು ಮೂರನೇ ಮಹಡಿಗೆ ಗೊತ್ತಾಗುತ್ತದೆ. ಆದ್ದರಿಂದ ಇಂಡೋನೇಷ್ಯಾದ ಬಟ್ಟೆ ಗಿರಣಿಯೊಂದು ನನಗೆ ಕೆಲಸ ಕೊಡುತ್ತೇವೆಂದು ಬರೆದಾಗ ನಾನು ಮೊದಲು ಅಡುಗೆಮನೆಯ ಕಿಟಕಿ ಮುಚ್ಚಿದೆ. ಆಮೇಲೆ ಗಂಡ, ಮಗಳು, ಅತ್ತೆ ಮೂವರನ್ನೂ ಕೂರಿಸಿಕೊಂಡು, ವಿಮಾನ ನೆಲ ಬಿಡುವವರೆಗೆ ಯಾರೂ ಬಾಯಿ ಬಿಡಕೂಡದು ಎಂದು ಆಣೆ ಹಾಕಿಸಿದೆ.

ಇದಕ್ಕೆಲ್ಲ ಕಾರಣ ಮಸ್ಕತ್. ಕೆಲವು ವರ್ಷಗಳ ಹಿಂದೆ ನನ್ನ ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಸಿಕ್ಕಿದ ಸಂಜೆಯೇ ಇಡೀ ಕಟ್ಟಡಕ್ಕೆ ಪೇಡೆ ಹಂಚಿದೆವು, ಸೋಫಾ ಮಾರಿದೆವು, ನಾಲ್ವರಿಗೂ ಪಾಸ್‌ಪೋರ್ಟ್ ಮಾಡಿಸಿದೆವು. ಅಷ್ಟರಲ್ಲಿ ಆ ಕಂಪನಿ ತನ್ನ ಯೋಜನೆಯನ್ನೇ ಕೈಬಿಟ್ಟಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರ ಪಾಡು ನಮ್ಮದಾಯಿತು. ಕುಲಾವಿಯನ್ನಾದರೆ ಮಡಚಿ ಪೆಟ್ಟಿಗೆಯಲ್ಲಿಡಬಹುದು, ತಿಂದ ಪೇಡೆಯನ್ನು ಯಾರೂ ಮರೆಯುವುದಿಲ್ಲ. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಮಸ್ಕತ್ ಯಾವಾಗ ಎಂದು ಕೇಳತೊಡಗಿದರು. ಗೇಟಿನ ವಾಚ್‌ಮನ್ ಕೂಡ, ನಾನು ಸೊಪ್ಪಿನ ಚೀಲ ಹಿಡಿದು ಬಂದರೆ, ಮೇಡಂ ಇನ್ನೂ ಇಲ್ಲೇ ಇದ್ದೀರಾ ಎನ್ನುತ್ತಿದ್ದ. ಗಂಡ ನಕ್ಕು ಸುಮ್ಮನಾಗುತ್ತಿದ್ದರು. ನನ್ನದು ಮೂಗಿನ ತುದಿಯ ಸಿಟ್ಟು, ನಗು ಬರುತ್ತಿರಲಿಲ್ಲ. ಬಹಳ ಕಾಲ ನಾವು ಸೋಫಾ ಇಲ್ಲದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು.

ಈ ಸಲದ ಕೆಲಸ ನನ್ನದು. ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ದುಡಿದವಳು ನಾನು. ಗಿರಾಕಿ ಕಳಿಸಿದ ಬಟ್ಟೆಯ ತುಂಡು ನೋಡಿ ಅದೇ ಬಣ್ಣ ಹೊಂದಿಸಿಕೊಡುವುದು ನನ್ನ ಕಸುಬು. ನಮಗೆ ನೀಲಿ ಎಂಬ ಬಣ್ಣವೇ ಇಲ್ಲ, ಇರುವುದೆಲ್ಲ ಒಂದಕ್ಕೊಂದು ಜಗಳವಾಡುವ ನೀಲಿಗಳು. ಅಲ್ಲಿ ಇಡೀ ಲ್ಯಾಬ್ ನನ್ನ ಕೈಗೆ ಬರುತ್ತದೆ. ಗಂಡ ದಿನಾ ಬೆಳಿಗ್ಗೆ ಮಣಿನಗರ ಸ್ಟೇಷನ್ನಿನಿಂದ ವಡೋದರಾಕ್ಕೆ ಹೋಗಿ ಸಂಜೆ ವಾಪಸು ಬರುವ ಅಪ್‌ಡೌನ್ ಜೀವಿ. ಕಂಪ್ಯೂಟರಿನಲ್ಲಿ ಮಾಡುವ ಅವರ ಡ್ರಾಯಿಂಗ್ ಕೆಲಸವನ್ನು ಎಲ್ಲಿ ಕೂತಾದರೂ ಮಾಡಬಹುದು. ಹೋಗೋಣವೇ ಎಂದು ಕೇಳಿದರೆ ಅವರು ನೋಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹನ್ನೆರಡು ದಾಟಿದ ಮಗಳಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ಕಾಲು ಭಾಗ ಮಾತಾಡಲು ಬರುತ್ತದೆ. ಅವಳು ಅಂದೇ ಫೋನಿನಲ್ಲಿ ಇಂಡೋನೇಷ್ಯಾದ ಭಾಷೆ ಕಲಿಯಲು ಕೂತಳು.

ಉಳಿದವರು ಅತ್ತೆ. ಕುಂದಾಪುರದ ಕಡೆಯವರು. ಮಾವ ಮಣಿನಗರದಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದಾಗ ಮದುವೆಯಾಗಿ ಬಂದವರು. ಮಾವ ಹೋದ ಮೇಲೆ ಹೋಟೆಲು ದಾಯಾದಿಗಳ ಕೈಗೆ ಹೋಯಿತು, ಅತ್ತೆ ನಮ್ಮ ಮನೆಯ ಯಜಮಾನ್ತಿಯಾಗಿ ಉಳಿದರು. ಕಟ್ಟಡಕ್ಕೆಲ್ಲ ಅವರು ‘ಬಾ’. ಗುಜರಾತಿಯಲ್ಲಿ ಹಾಗೆಂದರೆ ಅಮ್ಮ. ಅವರಿಲ್ಲದೆ ಹೋಗುವ ಮಾತೇ ಇರಲಿಲ್ಲ. ಮಗಳನ್ನು ಸಾಕಿದ್ದು ಅವರು. ನಾನು ಲ್ಯಾಬಿನಿಂದ ಸೋತು ಬಂದಾಗ ತಟ್ಟೆ ಹಾಕಿಡುವುದೂ ಅವರೇ. ಅವರು ಬರುವುದಾದರೆ ಈ ಕೆಲಸ, ಇಲ್ಲವಾದರೆ ಇಲ್ಲ, ಅಷ್ಟು ನನಗೆ ಖಾತ್ರಿಯಿತ್ತು. ಅದಕ್ಕೇ ಅವರನ್ನು ಒಲಿಸಲು ನಾನು ಇಂಡೋನೇಷ್ಯಾವನ್ನು ಊರಿನ ಹಾಗೆ ಬಣ್ಣಿಸಿದೆ. ಅಲ್ಲಿ ಎಲ್ಲಿ ನೋಡಿದರೂ ತೆಂಗು, ಮೂರು ಹೊತ್ತೂ ಅನ್ನ, ಬಾಳೆಎಲೆ, ಸೆಕೆ, ಎಲ್ಲ ನಿಮ್ಮ ಕುಂದಾಪುರದಂತೆಯೇ ಎಂದೆ. ಅಹಮದಾಬಾದಿನ ತೆಂಗಿನಕಾಯಿಯನ್ನು ಬೈಯದೆ ಒಂದು ದಿನವೂ ಚಟ್ನಿ ಅರೆಯದ ಅತ್ತೆ ಎಲ್ಲವನ್ನೂ ಕೇಳಿ, ಆಯ್ತು ಎಂದರು. ನಾನು ಗೆದ್ದೆನೆಂದುಕೊಂಡೆ.

ಗುಟ್ಟು ಕಾಪಾಡಲು ನಮಗೆ ಕನ್ನಡವೇ ಇತ್ತಲ್ಲ. ವೀಸಾ, ಶಾಲೆ, ಯಾವ ಪಾತ್ರೆ ಒಯ್ಯುವುದು, ಯಾವುದನ್ನು ಕೊಡುವುದು, ಎಲ್ಲವನ್ನೂ ಬಾಗಿಲು ತೆರೆದಿಟ್ಟುಕೊಂಡೇ ಕನ್ನಡದಲ್ಲಿ ಚರ್ಚಿಸಿದೆವು. ತೊಂದರೆಯೆಂದರೆ ಮಗಳಿಗೆ ಅರ್ಥವಾಗದ್ದನ್ನೆಲ್ಲ ಅವಳು ಗುಜರಾತಿಯಲ್ಲಿ ಗಟ್ಟಿಯಾಗಿ ಕೇಳುತ್ತಿದ್ದಳು. ಆಗೆಲ್ಲ ನಾನು ಟಿವಿಯ ದನಿ ಏರಿಸಬೇಕಾಗುತ್ತಿತ್ತು.

ಹೀಗಿರುವಾಗ ಹೋಳಿ ಕಳೆದು ಗೋಧಿಯ ಕಾಲ ಬಂತು. ಗುಜರಾತಿನಲ್ಲಿ ವರ್ಷದ ಗೋಧಿಯನ್ನು ಒಂದೇ ಸಲ ಕೊಳ್ಳುತ್ತಾರೆ. ಕಟ್ಟಡದ ಹೆಂಗಸರೆಲ್ಲ ಸೇರಿ ಮಾದರಿ ತರಿಸಿ, ಕಚ್ಚಿ ನೋಡಿ, ಚೌಕಾಸಿ ಮಾಡಿ, ಟೆಂಪೊದಲ್ಲಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಪಾರ್ಕಿಂಗಿನ ನೆರಳಿನಲ್ಲಿ ಚಾಪೆ ಹಾಸಿ ಕಲ್ಲು ಆರಿಸಿ, ಹುಳು ಬೀಳದಂತೆ ಹರಳೆಣ್ಣೆ ಸವರಿ, ತಗಡಿನ ಡ್ರಮ್ಮಿಗೆ ತುಂಬುತ್ತಾರೆ. ಯಾರ ಮನೆಗೆ ಎಷ್ಟು ಗೋಧಿ ಎನ್ನುವುದು ಎಲ್ಲರಿಗೂ ಬಾಯಿಪಾಠ. ಹೆಚ್ಚಾದರೆ ಸೊಸೆ ಬರುತ್ತಾಳೆ, ಕಡಿಮೆಯಾದರೆ ಮಗಳ ಮದುವೆಯಾಗಿದೆ. ಅನ್ನ ಉಣ್ಣುವ ಸೀಮೆಯಿಂದ ಬಂದ ನಮ್ಮತ್ತೆ ಈ ಗುಂಪಿನ ನ್ಯಾಯಾಧೀಶೆ. ಅವರು ಒಂದು ಕಾಳನ್ನು ಹಲ್ಲಿನಲ್ಲಿಟ್ಟು ಕಟ್ ಎನ್ನಿಸಿ ತಲೆಯಾಡಿಸಿದರೆ ಮಾತ್ರ ಮೂಟೆ ಬಿಚ್ಚುವುದು.

ನಮಗಿದು ಬಿಸಿತುಪ್ಪವಾಯಿತು. ವರ್ಷದ ಗೋಧಿ ಕೊಂಡರೆ ತಿನ್ನುವವರಿಲ್ಲ, ಕೊಳ್ಳದಿದ್ದರೆ ಗುಟ್ಟು ರಟ್ಟು. ಹಳೆಯದು ಡ್ರಮ್ಮಿನಲ್ಲಿ ಉಳಿದಿದೆ ಎಂದು ಹೇಳಿ ಸ್ವಲ್ಪ ತೆಗೆದುಕೊಳ್ಳಿ ಎಂದು ಅತ್ತೆಗೆ ಹೇಳಿಕೊಟ್ಟು ನಾನು ವಟ್ವಾಕ್ಕೆ ಹೋದೆ.

ಮರುದಿನದಿಂದ ಮೆಟ್ಟಿಲುಗಳ ಹವೆ ಬದಲಾಯಿತು. ಎದುರುಮನೆಯಾಕೆ, ಏನು ತಿಂಡಿ ಮಾಡಿದರೂ ನಮ್ಮ ನಾಲ್ವರಿಗೂ ಬಟ್ಟಲು ತುಂಬ ಕಳಿಸುವವಳು, ಈಗ ಪುಟ್ಟ ಬಟ್ಟಲಿನಲ್ಲಿ ಕಡಲೆಹಿಟ್ಟಿನ ಸುರುಳಿ ಖಾಂಡವಿ ತಂದು, ಇದು ‘ಬಾ’ಗೆ ಮಾತ್ರ ಎಂದು ನನ್ನ ಮುಖ ನೋಡದೆ ಕೊಟ್ಟು ಹೋದಳು. ಮೇಲ್ಮಹಡಿಯ ಹಿರಿಯರು ನನ್ನ ಗಂಡನನ್ನು ರೈಲಿಗೆ ಓಡುವ ಹೊತ್ತಿನಲ್ಲಿ ಹಿಡಿದು ಮಾತೃಸೇವೆಯ ಪುಣ್ಯ ವಿವರಿಸಿ ಆ ದಿನದ ಗಾಡಿ ತಪ್ಪಿಸಿದರು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರಿನ ವಿಷಯ ಹೋಗಿ, ಮುದಿ ತಾಯಂದಿರು ಕಣ್ಣೊರೆಸಿಕೊಳ್ಳುವ ವಿಡಿಯೊಗಳು ಬರತೊಡಗಿದವು. ಅತ್ತೆ ಖಾಂಡವಿಯನ್ನು ಒಬ್ಬರೇ ಕೂತು, ಸಾಸಿವೆ ಸಮೇತ, ನಿಧಾನವಾಗಿ ತಿಂದರು.

ನಾನು ತಾಳಿದಷ್ಟು ತಾಳಿ ಒಂದು ಸಂಜೆ ಎದುರುಮನೆಯ ಬಾಗಿಲು ಬಡಿದೆ. ನನ್ನ ಗುಜರಾತಿ ತರಕಾರಿ ಗಾಡಿಯ ಮಟ್ಟದ್ದು, ಲ್ಯಾಬಿನಲ್ಲೆಲ್ಲ ಹಿಂದಿ. ಹಾಗಾಗಿ ಜಗಳವನ್ನೂ ಹಿಂದಿಯಲ್ಲೇ ಶುರು ಮಾಡಬೇಕಾಯಿತು. ಆಕೆ ಹೇಳಿದ್ದರ ಸಾರ ಇಷ್ಟು. ನಾಲ್ಕು ಜನರ ಮನೆ, ‘ಬಾ’ ಬಂದು ಒಬ್ಬರಿಗಾಗುವಷ್ಟು ಗೋಧಿ ತೆಗೆದುಕೊಂಡರು. ಯಾಕೆ ಎಂದರೆ, ಇದು ನನ್ನದು, ಉಳಿದವರದ್ದು ನನಗೆ ಗೊತ್ತಿಲ್ಲ ಎಂದರು. ಅದರರ್ಥ ಚಿಕ್ಕ ಮಗುವಿಗೂ ಗೊತ್ತು, ನೀನು ಅತ್ತೆಯ ಒಲೆ ಬೇರೆ ಮಾಡಿದ್ದೀಯೆ.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಒಲೆ ಬೇರೆ ಮಾಡುವವಳೇ? ಒಲೆ ಹಚ್ಚಲೇ ಅತ್ತೆ ನನಗೆ ಬಿಡುವುದಿಲ್ಲ. ಆದರೆ ಅಲ್ಲವೆಂದು ಹೇಳಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ಮತ್ತೊಂದು ಮಸ್ಕತ್. ಬಾಯಿಗೆ ಬಂದದ್ದನ್ನು ನುಂಗಿ ಮನೆಗೆ ಬಂದೆ.

ಅತ್ತೆ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ಪರಾತದ ಅಗಲ ತಟ್ಟೆಯಲ್ಲಿ ಗೋಧಿ ಹಾಕಿಕೊಂಡು ಹರಳೆಣ್ಣೆ ಸವರುತ್ತಿದ್ದರು. ಇದೆಂತ ಅತ್ತೆ, ಒಬ್ಬರ ಗೋಧಿ ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ. ಇದು ಅವರು ಇಂಡೋನೇಷ್ಯಾಕ್ಕೆ ಹೊತ್ತು ಒಯ್ಯುವ ಸಾಮಾನಂತೆ.

"ಅಲ್ಲ್ ಅಕ್ಕಿ ಇತ್ತ್, ಕಾಯಿ ಇತ್ತ್ ಅಂದೇಳಿ ನೀ ಹೇಳ್ದೆ. ರಾತ್ರಿ ನಾ ಎಂತ ತಿಂಬುದ್ ಅಂದೇಳಿ ಕೇಂಡ್ಯಾ?"

ನಿಜವಾಗಿ ನೋಡಿದರೆ ಅತ್ತೆ ರಾತ್ರಿ ಅನ್ನ ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು. ಎರಡು ಭಾಖರಿ, ಅಂದರೆ ಗೋಧಿಯ ದಪ್ಪ ರೊಟ್ಟಿ, ಜೊತೆಗೆ ಬೆಲ್ಲ, ಒಂದು ಲೋಟ ಹಾಲು. ದಿನಾ ನನ್ನ ಪಕ್ಕದಲ್ಲೇ ಕೂತು ತಿನ್ನುತ್ತಿದ್ದರು, ನಾನು ಮಾತ್ರ ಅವರಿಗೆ ತೆಂಗಿನಮರ ಮಾರುತ್ತಿದ್ದೆ. ಅಷ್ಟರಲ್ಲಿ ಬಂದ ಗಂಡ, ಕಾಳುಕಡಿ ಹೊತ್ತೊಯ್ದರೆ ಅಲ್ಲಿಯ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ ಎಂದರು. ಜೀವಮಾನದಲ್ಲಿ ಮೊದಲ ಸಲ ಅವರು ಒಂದು ವಿಷಯವನ್ನು ನೇರವಾಗಿ ಹೇಳಿದ್ದು, ಅದೂ ತಪ್ಪು ಹೊತ್ತಿನಲ್ಲಿ. ಮಗಳು ಅಲ್ಲಿಯ ಅಂಗಡಿಗಳಲ್ಲಿ ಗೋಧಿಹಿಟ್ಟು ಸಿಗುತ್ತದೆಂದು ಫೋನಿನಲ್ಲಿ ಹುಡುಕಿ ತೋರಿಸಿದಳು. ಅತ್ತೆ ಆ ಪೊಟ್ಟಣದ ಚಿತ್ರವನ್ನು ನೋಡಿ, ಹಿಟ್ಟಿನ ಮಾತು ಹಾಗಿರಲಿ ಎಂದು ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು.

ಆಮೇಲೆ ಹೇಳಿದ್ದು ಬೇರೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಗೋಧಿಯನ್ನು ಮೊರದಲ್ಲಿ ಕೇರಲೂ ಬರುತ್ತಿರಲಿಲ್ಲ. ಮಾವ ಬೆಳಗಿನ ಜಾವಕ್ಕೇ ಹೋಟೆಲಿಗೆ ಹೋದರೆ ಮನೆಯಲ್ಲಿ ಮಾತಿಗೊಂದು ನರಪಿಳ್ಳೆ ಇರಲಿಲ್ಲ. ಆಗ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡು ಕಾಳು, ಮಾತು ಎರಡನ್ನೂ ಕಲಿಸಿದವರು ಈ ಕಟ್ಟಡದ ಹೆಂಗಸರು, ಇವರ ಅತ್ತೆಯರು.

"ಅವ್ರಿಗ್ ಹೇಳ್ದೆ ಕಳ್ರ್ ಹಾಂಗೆ ಹೋಪುಕೆ ನಂಗ್ ಆತಿಲ್ಲೆ. ಹೇಳಿ ಹೋಪುದಾರೆ ಬತ್ತೆ. ಇಲ್ದಿರೆ ನಾ ಬತ್ತಿಲ್ಲೆ."

ಗಂಡ ನನ್ನ ಮುಖ ನೋಡಿದರು. ನೋಡೋಣ ಎಂದು ಈ ಸಲ ಅವರೂ ಹೇಳಲಿಲ್ಲ.

ವೀಸಾ ಇನ್ನೂ ಬಂದಿರಲಿಲ್ಲ. ಬರದೇ ಹೋದರೆ ನಾನು ಮತ್ತೆ ಎಷ್ಟು ವರ್ಷ ಮೆಟ್ಟಿಲಿನಲ್ಲಿ ತಲೆತಗ್ಗಿಸಿ ನಡೆಯಬೇಕೋ. ಆದರೆ ಅತ್ತೆ ಬರುವುದಿಲ್ಲ ಎಂಬ ಮಾತಿನ ಮುಂದೆ ಆ ನಾಚಿಕೆ ಯಾವ ಲೆಕ್ಕ? ಭಾನುವಾರ ಪಾರ್ಕಿಂಗಿನಲ್ಲಿ ಉಳಿದ ಮೂಟೆಗಳ ಕೆಲಸ ನಡೆದಿತ್ತು. ಅತ್ತೆಯ ಹಿಂದೆಯೇ ಹೋಗಿ ಚಾಪೆಯ ಅಂಚಿನಲ್ಲಿ ಕೂತೆ. ಹಿಂದಿಗೆ ಗುಜರಾತಿ ಬೆರೆಸಿ, ಕೆಲಸ, ದೇಶ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಒಲೆ ಒಂದೇ ಇದೆ, ಅದನ್ನೂ ಹೊತ್ತುಕೊಂಡೇ ಹೋಗುತ್ತೇವೆ ಎಂದೂ ಸೇರಿಸಿದೆ.

ಯಾರೂ ನಗಲಿಲ್ಲ. ಯಾರೂ ಮಸ್ಕತ್ತಿನ ಹೆಸರೆತ್ತಲಿಲ್ಲ. ನಾನು ಅಷ್ಟು ವರ್ಷ ಹೊತ್ತಿದ್ದ ಹೆದರಿಕೆ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎದುರುಮನೆಯಾಕೆ ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ, ಬಾ, ನಿಮಗೆ ಹೋಗುವ ಮನಸ್ಸಿದೆಯೇ ಎಂದು ಕೇಳಿದಳು. ಅತ್ತೆ ಮೊರ ಕೆಳಗಿಟ್ಟು ಮಾತಾಡತೊಡಗಿದರು. ನಾನು ಅವರ ಗುಜರಾತಿಯನ್ನು ಹಾಲಿನವನೊಡನೆ ಮಾತಾಡುವಾಗ ಕೇಳಿದ್ದೆನೇ ಹೊರತು ಹೀಗೆ ಎಂದೂ ಕೇಳಿರಲಿಲ್ಲ. ತಡೆಯಿಲ್ಲದೆ, ಕೈ ಆಡಿಸಿಕೊಂಡು, ನಡುವೆ ನಗುತ್ತ, ನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಅರ್ಧ. ವಿಮಾನದಲ್ಲಿ ಕೂರುವ ಆಸೆಯಿದೆಯಂತೆ. ಮೊಮ್ಮಗಳನ್ನು ಬಿಟ್ಟಿರಲು ಆಗದಂತೆ. ಮತ್ತೆ ಒಂದು ಮಾತು ಎರಡು ಮೂರು ಸಲ ಬಂತು, "ಮನೇ ಬೀಕ್ ಲಾಗೇ ಛೇ." ನನಗೆ ಹೆದರಿಕೆಯಾಗುತ್ತದೆ ಎಂದು.

ನಮ್ಮ ಮನೆಯಲ್ಲಿ, ನಮ್ಮ ಭಾಷೆಯಲ್ಲಿ, ಅವರು ಹೇಳಿದ್ದು ಆಯ್ತು ಎನ್ನುವುದೊಂದೇ. ಇಷ್ಟು ವರ್ಷ ಜೊತೆಗಿದ್ದ ನನಗೆ ಹೇಳದ್ದನ್ನು ಈ ಹೆಂಗಸರಿಗೆ ಹೇಳುತ್ತಿದ್ದಾರಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ದುಃಖವೂ ಆಯಿತು.

ಎದ್ದು ಹೊರಡುವಾಗ ಎದುರುಮನೆಯಾಕೆ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಲ್ಲಿ ನಮ್ಮ ‘ಬಾ’ ಯಾರ ಹತ್ತಿರ ಮಾತಾಡಬೇಕು, ಹೋಗುವುದರೊಳಗೆ ಸರಿಯಾಗಿ ಗುಜರಾತಿ ಕಲಿತುಕೋ ಎಂದು ಗದರಿದಳು. ಅದು ಬೈಗುಳವೋ ಬೀಳ್ಕೊಡುಗೆಯೋ ತಿಳಿಯಲಿಲ್ಲ. ತಲೆಯಾಡಿಸಿ ಬಂದೆ.

ಈಗ ನಮ್ಮ ಮನೆಯಲ್ಲಿ ಸಂಜೆಯಾದರೆ ಎರಡು ಶಾಲೆ. ಒಂದು ಮೂಲೆಯಲ್ಲಿ ಮಗಳು ಇಂಡೋನೇಷ್ಯಾದ ಭಾಷೆಯಲ್ಲಿ ಫೋನಿಗೆ ನಮಸ್ಕಾರ ಹೇಳುತ್ತಾಳೆ. ಇನ್ನೊಂದು ಮೂಲೆಯಲ್ಲಿ, ಇಂಡೋನೇಷ್ಯಾಕ್ಕೆ ಹೊರಟ ನಾನು ಗುಜರಾತಿ ಕಲಿಯುತ್ತೇನೆ. ಅತ್ತೆ ಕಟ್ಟುನಿಟ್ಟಿನ ಮಾಸ್ತರು, ಪಾಠದ ಹೊತ್ತಿನಲ್ಲಿ ಕನ್ನಡ ಬಂದರೆ ಚಹಾ ಇಲ್ಲ. ವೀಸಾ ಇನ್ನೂ ಬಂದಿಲ್ಲ. ಮೊನ್ನೆ ಅವರು ಭಾಖರಿಯ ಹಿಟ್ಟು ನಾದುತ್ತ, ನನ್ನತ್ತ ನೋಡದೆ, ಪಾಠದ ನಡುವೆ ಕೇಳಿದರು.

"ತನೇ ಬೀಕ್ ಲಾಗೇ ಛೇ?"

ಪಾಠದ ಪ್ರಶ್ನೆಯಲ್ಲ, ನಿನಗೂ ಹೆದರಿಕೆಯಾಗುತ್ತದೆಯೇ ಎಂದು ನಿಜವಾಗಿಯೇ ಕೇಳುತ್ತಿದ್ದರು. ಈ ಕೆಲಸಕ್ಕೆ ಹೂಂ ಎಂದ ದಿನದಿಂದ ನಾನದನ್ನು ಗಂಡನಿಗೂ ಹೇಳಿರಲಿಲ್ಲ.

"ಲಾಗೇ ಛೇ, ಬಾ," ಎಂದೆ.