ಹೊಸ್ತಿಲ ಮೇಲಿನ ದಿಕ್ಸೂಚಿ

ಲಕ್ವಾ ಹೊಡೆದ ಮೇಲೆ ಅವ್ವನ ಲೋಕ ತಿಕೋಟಾದ ನಮ್ಮ ಮನೆಯ ತಲಬಾಗಿಲಿನಷ್ಟೇ ಅಗಲ ಉಳಿದಿತ್ತು. ದ್ರಾಕ್ಷಿ ತುಂಬಿದ ಗಾಡಿ, ಸಾಲಿ ಮಕ್ಕಳು, ಯಾರ ಮನೆಗೆ ಬೀಗರು ಬಂದರು, ಎಲ್ಲವೂ ಪಡಸಾಲೆಯ ಮಂಚದಿಂದಲೇ ಆಕೆಗೆ ಗೊತ್ತಾಗುತ್ತಿತ್ತು.

ಆಕೆಗೆ ಗುಣವಾಗಲೆಂದು ಅಣ್ಣ ಬಬಲೇಶ್ವರದಿಂದ ವಾಸ್ತು ಹೇಳುವವರೊಬ್ಬರನ್ನು ಕರೆಸಿದ. ನಾನು ವಿಜಯಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಆ ಭಾನುವಾರ ಊರಿಗೆ ಬಂದಿದ್ದೆ. ವಾಸ್ತುವಿನವರು ದಿಕ್ಸೂಚಿಯನ್ನು ಹೊಸ್ತಿಲ ಮೇಲೇ ಇಟ್ಟರು. ದಿನಾ ಅರಿಸಿನ ಕುಂಕುಮ ಕಾಣುವ ಜಾಗ, ಅಲ್ಲಿ ಮುಳ್ಳು ಸುಳ್ಳು ಹೇಳುವುದಿಲ್ಲವಂತೆ. ನಮ್ಮ ಹೊಸ್ತಿಲು ಕರಿಕಲ್ಲಿನದು.

"ಬಾಗಲಾ ಪೂರ್ವಕ್ಕಿಲ್ರಿ, ಆಗ್ನೇಯಕ್ಕ ಹೊಳ್ಳೇತಿ. ಮುಚ್ಚಿಬಿಡ್ರಿ. ಅವ್ವಾರನ್ನ ಹಿಂದಿನ ಖೋಲ್ಯಾಗ ಮಲಗಸ್ರಿ" ಎಂದರು.

ಭೂಮಿಯ ಕಾಂತ ಎಲ್ಲ ಕಡೆ ಒಂದೇ ದಿಕ್ಕು ತೋರಿಸುವುದಿಲ್ಲ. ಕೆಲವು ದೇಶಗಳಲ್ಲಿ ಮುಳ್ಳು ನಿಜವಾದ ಉತ್ತರದಿಂದ ಬಹಳ ಸರಿಯುತ್ತದೆ. ಕಾಂತಧ್ರುವದ ಹತ್ತಿರ ನೆಲಕ್ಕೇ ಮುಖ ಮಾಡಲು ನೋಡುತ್ತದೆ. ನಮ್ಮ ಸೀಮೆಯಲ್ಲಿ ಸರಿಯುವುದು ತೀರಾ ಕಡಿಮೆ. ಆದರೆ ಕರಿಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ, ಕೆಲವು ಕಲ್ಲು ಮುಳ್ಳನ್ನು ತಮ್ಮ ಕಡೆಗೇ ಎಳೆಯುತ್ತವೆ. ನಾನು ದಿಕ್ಸೂಚಿ ಎತ್ತಿಕೊಂಡು ಅಂಗಳದ ನಡುವೆ ಬಂದೆ. ಮುಳ್ಳು ತಿರುಗಿ ನಿಂತಿತು. ಬಾಗಿಲು ನೆಟ್ಟಗೆ ಪೂರ್ವಕ್ಕಿತ್ತು.

"ಬಾಗಲಾ ಏನ್ ಅಂಗಳದಾಗ ಐತೇನು? ಇದ್ದಲ್ಲೇ ಇಟ್ಟು ನೋಡಬೇಕು" ಅಣ್ಣ ಗದರಿದ.

"ಯುಗಾದಿ ಹೊತ್ತಿಗೆ ಸೂರ್ಯ ಈ ಬಾಗಲಕ್ಕ ಎದುರಾಗೇ ಹುಟ್ಟತಾನ. ಅವನೂ ಸುಳ್ಳೇನು?"

"ನಿನ್ನ ಸಾಲಿ ಪಾಠ ಸಾಲ್ಯಾಗ ಇಟಗೋ."

ಅವ್ವ ನೆಟ್ಟಗಿದ್ದ ಒಂದೇ ಕೈ ಎತ್ತಿ ತೊದಲಿದಳು. "ಮುಚ್ಚಬ್ಯಾಡೋ ಯಪ್ಪಾ. ಹೋಗೂ ಬರೂ ಮಂದೀನರ ನೋಡ್ತೀನಿ."

"ನಿನ್ನ ಸಲುವಾಗೇ ಬೇ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಇಂದಿಗೂ ಸಿಟ್ಟು ಬರುವುದು ಆ ಕಣ್ಣೀರಿನ ಮೇಲೆಯೇ. ದುರಾಸೆಯಿಂದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ನನ್ನ ಜೊತೆ ಕರೆದೊಯ್ಯುತ್ತೇನೆ ಎಂದೆ. ಮಗನಿರುವಾಗ ಮಗಳ ಮನೆಯೇಕೆ ಎಂದು ಅಣ್ಣ ಬಿಡಲಿಲ್ಲ. ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ. ಓಡಾಟಕ್ಕೆ ಹಿತ್ತಲ ಬಾಗಿಲು ಉಳಿಯಿತು.

ಹಿಂದಿನ ಖೋಲಿಗೆ ಕಿಟಕಿ ಇರಲಿಲ್ಲ, ಒಂದು ಮಗ್ಗುಲಿಗೆ ಜೋಳದ ಚೀಲ. "ಹೊರಗ ಏನ್ ನಡದೈತಿ?" ಎಂದು ಅವ್ವ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ನಾನು ಹೋದಾಗ ಗೋಡೆ ಕಡೆಯಿಂದ ಮುಖ ತಿರುಗಿಸುತ್ತಲೂ ಇರಲಿಲ್ಲ. ಶ್ರಾವಣ ಬರುವುದರೊಳಗೆ ತೀರಿಕೊಂಡಳು.

ಮಾತಾಡಿಸಲು ಬಂದವರ ಮುಂದೆ ಅಣ್ಣ, "ದಿಕ್ಕ ಸರಿ ಮಾಡಿದ್ವಿ ನೋಡ್ರಿ, ನರಳಲಾರದ ಹೋದ್ಳು" ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಒಬ್ಬರು ಆ ವಾಸ್ತುವಿನವರ ನಂಬರ್ ಕೇಳಿದರು. ಅವರ ಮನೆಯಲ್ಲೂ ತಾಯಿ ಹಾಸಿಗೆ ಹಿಡಿದಿದ್ದರಂತೆ.