ನಾಲ್ಕು ಕಣ್ಣಿನ ನಿಯಮ, ಓದಿದ್ದು ಎರಡೇ ಕಣ್ಣು

ಐದು ವರ್ಷದ ಹಿಂದೆ ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಒಂದು ಸೇವಾ ಕಂಪನಿಯಲ್ಲಿ ದಾಖಲೆ ಪರಿಶೀಲನೆ ಮಾಡುತ್ತಿದ್ದೆ. ನಮಗೆ ಕೆಲಸ ಕೊಟ್ಟಿದ್ದು ಜರ್ಮನಿಯ ಒಂದು ಲ್ಯಾಂಡೆಸ್‌ಬ್ಯಾಂಕ್. ಅಂದರೆ ಅಲ್ಲಿನ ರಾಜ್ಯ ಸರ್ಕಾರವೂ ಊರೂರಿನ ಉಳಿತಾಯ ಬ್ಯಾಂಕುಗಳೂ ಸೇರಿ ಒಡೆತನ ಹಂಚಿಕೊಂಡಿರುವ ಪ್ರಾದೇಶಿಕ ಬ್ಯಾಂಕು. ಆ ರಾಜ್ಯದ ಕಾರ್ಖಾನೆಗಳು ಏಷ್ಯಾಕ್ಕೆ ಮಾಲು ಕಳಿಸಿದರೆ ಹಡಗಿನ ಕಾಗದಪತ್ರ ಮೊದಲು ನಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಕಾಗದ ಸರಿಯಿಲ್ಲದಿದ್ದರೆ ಬಂದರಿನವರು ಕಂಟೇನರ್ ಬಿಡುವುದಿಲ್ಲ.

ಆ ಬ್ಯಾಂಕಿನದು ಒಂದೇ ಹಟ: ನಾಲ್ಕು ಕಣ್ಣಿನ ನಿಯಮ. ಒಬ್ಬರು ಪರಿಶೀಲಿಸಬೇಕು, ಇನ್ನೊಬ್ಬರು ಮತ್ತೆ ಮೊದಲಿಂದ ಓದಿ ಒಪ್ಪಿಗೆ ಒತ್ತಬೇಕು. ಜನರ ಬ್ಯಾಂಕು, ಒಬ್ಬನ ಮಾತು ಸಾಲದು ಎಂದು ತರಬೇತಿಯಲ್ಲಿ ಹೇಳಿದ್ದರು. ನಾವೂ ತಲೆಯಾಡಿಸಿ ಸರ್ಟಿಫಿಕೇಟ್ ತಗೊಂಡಿದ್ದೆವು.

ನಡೆಯುತ್ತಿದ್ದುದೇ ಬೇರೆ. ಜರ್ಮನಿಯವರು ಕಚೇರಿಗೆ ಬರುವಾಗ ನಮ್ಮಲ್ಲಿ ಮಧ್ಯಾಹ್ನ ಮೂರು ದಾಟಿರುತ್ತಿತ್ತು. ಕೆಲಸ ರಾಶಿ ಬೀಳುವ ಹೊತ್ತಿಗೆ ನಮ್ಮ ಮ್ಯಾನೇಜರ್, ಉಡುಪಿ ಕಡೆಯ ರಘುರಾಮ್ ಸರ್, ಹೈವೇ ಜಾಮ್ ಆಗುವ ಮೊದಲು ಹೊರಡಬೇಕು. "ಸೆಲ್ವಿ, ನನ್ನದೂ ನೀನೇ ಒತ್ತಿಬಿಡು ಲಾ!" ಎನ್ನುತ್ತಿದ್ದರು; ಆ ಊರಿನವರ 'ಲಾ' ಅವರ ನಾಲಿಗೆಗೂ ಹತ್ತಿತ್ತು.

ಸೆಲ್ವಿ ಪಕ್ಕದ ಬಂದರು ಊರು ಕ್ಲಾಂಗಿನ ತಮಿಳು ಹುಡುಗಿ, ಗುತ್ತಿಗೆ ನೌಕರಳು. ಸಾಹೇಬರ ಪಾಸ್‌ವರ್ಡ್ ಅವಳ ಮೇಜಿನ ಕ್ಯಾಲೆಂಡರ್ ಹಿಂದೆ ಬರೆದಿತ್ತು. ಅದರ ಕೆಳಗೆ ನನ್ನದೂ ಇತ್ತು. ಯಾಕೆ ಸುಳ್ಳು ಹೇಳಲಿ?

ಒಂದು ದಿನ ಡಯಾಲಿಸಿಸ್ ಯಂತ್ರಗಳ ಕಾಗದದಲ್ಲಿ ತಪ್ಪು ಹಡಗಿನ ಹೆಸರಿತ್ತು. ಸೆಲ್ವಿಯ ಕಣ್ಣು ತಪ್ಪಿತು. ಎರಡನೇ ಜೋಡಿ ಕಣ್ಣು ಹೈವೇಯಲ್ಲಿತ್ತು. ಯಂತ್ರಗಳು ಕ್ಲಾಂಗ್ ಬಂದರಿನಲ್ಲಿ ಒಂಬತ್ತು ದಿನ ಬಿದ್ದವು, ಅತ್ತ ಆಸ್ಪತ್ರೆ ಕಾಯುತ್ತಿತ್ತು. ಬ್ಯಾಂಕಿನ ಆಡಿಟರ್ ಮೇಡಂ ವಿಚಾರಣೆಗೆ ದಿನ ಗೊತ್ತುಮಾಡಿದರು.

ಹಿಂದಿನ ದಿನ ಸರ್ ನನ್ನನ್ನು ಕೆಳಗಿನ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ ಕರೆದು ಚಹಾ ಹೇಳಿದರು.

"ಪಾಸ್‌ವರ್ಡ್ ಸೆಲ್ವಿ ಕದ್ದಳು ಅಂತ ಬರೆದಿದ್ದೇನೆ ಮಾರಾಯ. ನೀನೂ ಹ್ಞೂಂ ಅಂದ್ರೆ ಮುಗೀತು."

"ಕದ್ದಳಾ ಸರ್?"

"ಅವಳು ಇಲ್ಲಿಯವಳು, ಇನ್ನೊಂದು ಕೆಲಸ ಸಿಗ್ತದೆ. ನಮಗೆ ಕೆಲಸ ಹೋದ್ರೆ ವೀಸಾನೂ ಹೋಯ್ತು. ನಮ್ಮವರನ್ನ ನಾವು ನೋಡ್ಕೊಳ್ಬೇಕಲ್ವಾ?"

ಮೈ ಉರಿಯಿತು. ಪಾಸ್‌ವರ್ಡ್ ಕದ್ದವಳು ಎಂದು ಒಮ್ಮೆ ಬರೆದರೆ ಯಾವ ಬ್ಯಾಂಕು ಅವಳನ್ನು ಒಳಗೆ ಬಿಟ್ಟೀತು? ಅದು ಅವರಿಗೂ ಗೊತ್ತಿತ್ತು. "ಅವಳೂ ನಮ್ಮವಳೇ ಸರ್" ಅಂದೆ. "ನೀವು ಗದಗದವರಿಗೆ ಆವೇಶ ಜಾಸ್ತಿ" ಎಂದು ನಕ್ಕರು. ಚಹಾ ಅಲ್ಲೇ ಬಿಟ್ಟು ಎದ್ದೆ.

ಮರುದಿನ ವಿಡಿಯೋ ಕರೆಯಲ್ಲಿ ಸರ್ ತಮ್ಮ ಕಥೆ ಓದಿದರು. ಸೆಲ್ವಿ ತಲೆ ಎತ್ತಲಿಲ್ಲ. ನಾನು ಬಾಯಿಬಿಟ್ಟೆ: "ಮೇಡಂ, ಹೋದ ತಿಂಗಳು ನಾನು ದೂರದ ಬಯಾನ್ ಲೆಪಾಸ್ ಊರಿಗೆ ಹೋಗಿದ್ದ ದಿನ ತೆಗೆದು ನೋಡಿ. ಲ್ಯಾಪ್‌ಟಾಪ್ ಇಲ್ಲೇ ಬಿಟ್ಟಿದ್ದೆ. ಆದರೂ ನನ್ನ ಹೆಸರಲ್ಲಿ ಹನ್ನೊಂದು ಒಪ್ಪಿಗೆ ಇವೆ. ಪಾಸ್‌ವರ್ಡ್ ಅವಳು ಕದ್ದಿಲ್ಲ, ನಾನೇ ಕೊಟ್ಟಿದ್ದು. ಇಲ್ಲಿ ಎಲ್ಲರೂ ಕೊಡುತ್ತಾರೆ. ಮೊದಲು ಕೊಟ್ಟವರು ಮ್ಯಾನೇಜರ್."

ಆಡಿಟರ್ ದಾಖಲೆ ತೆರೆದು ನೋಡಿದರು. ಎಣಿಸಿದರು. "ಹಾಗಾದರೆ ಎರಡನೇ ಸಲ ಓದಿದವರು ಯಾರು?"

"ಯಾರೂ ಇಲ್ಲ" ಅಂದೆ.

ಸೆಲ್ವಿಯ ಕೆಲಸ ಉಳಿಯಿತು. ನನಗೆ ಎಚ್ಚರಿಕೆ ಪತ್ರ ಬಂತು, ಬರಬೇಕಾದದ್ದೇ. ರಘುರಾಮ್ ಸರ್ ಅವರನ್ನು ಬೆಂಗಳೂರು ಕಚೇರಿಗೆ ಕಳಿಸಿದರು, ಇನ್ನೂ ದೊಡ್ಡ ಹುದ್ದೆಗೆ! ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಥ್ಯಾಂಕ್ಸ್ ಹೇಳುತ್ತಾಳೆಂದು ಕಾದಿದ್ದೆ. ಸೆಲ್ವಿ ಕ್ಯಾಲೆಂಡರ್ ಹರಿದು ಬುಟ್ಟಿಗೆ ಹಾಕುತ್ತಾ ಕೇಳಿದಳು: "ಅಣ್ಣೇ, ಇದನ್ನು ಬರೆದುಕೊಟ್ಟ ದಿನ ಎಲ್ಲಿತ್ತು ನಿಮ್ಮ ಸತ್ಯ?"

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ. ರೇಷನ್ ಕಾರ್ಡಿನ ಅರ್ಜಿಗೂ, ಆಸ್ಪತ್ರೆ ಚೀಟಿಗೂ "ಏನ್ ಬರದೈತಿ ಮೊದಲ ಓದಿ ಹೇಳ್ರಿ" ಎಂದು ಹಟ ಹಿಡಿದು, ಪೂರ್ತಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತುತ್ತಿದ್ದಳು. ಗುಮಾಸ್ತರು ಬೈದರೂ ಕೈ ಮುಂದೆ ಮಾಡುತ್ತಿರಲಿಲ್ಲ. ಓದು ಕಲಿತ ನಾನು ಓದದೆ ಒತ್ತಲು ನನ್ನ ಹೆಸರನ್ನೇ ಕೊಟ್ಟಿದ್ದೆ. ಈಗ ಹೊಸಬರು ನನ್ನ ಮುಂದೆ ಕಾಗದ ಹಿಡಿದು "ಸುಮ್ನೆ ಅಪ್ರೂವ್ ಮಾಡಿ ಸರ್, ಟೈಮ್ ಇಲ್ಲ" ಅಂದರೆ ಕುರ್ಚಿ ಎಳೆದು ಕೂರಿಸುತ್ತೇನೆ. ಮೊದಲ ಸಾಲಿಂದ ಓದಿಸುತ್ತೇನೆ.